ಹಾಡು ಹೇಳಿಕೊಡುವವರು ಎಲ್ಲಿ ಕಲಿಯಬೇಕು? ನಾನು ಹೋಗಿ ನೋಡಿದ ಮೂರು ಕಡೆ

ಮೊದಲೇ ಹೇಳಿಬಿಡುತ್ತೇನೆ. ನೀವೂ ನನ್ನ ಹಾಗೆ ಮನೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುವವರಾದರೆ, ನಿಮ್ಮ ಕಲಿಕೆಗೆ ಅಂತ ಎತ್ತಿಟ್ಟ ದುಡ್ಡನ್ನು ಒಬ್ಬ ಧ್ವನಿ ಚಿಕಿತ್ಸಕರ ಹತ್ತಿರ ಖರ್ಚು ಮಾಡಿ. ನಾನು ಒಂದೂವರೆ ವರ್ಷದಲ್ಲಿ ಮೂರು ಕಡೆ ದುಡ್ಡು ಕೊಟ್ಟೆ. ಒಂದು ಸಲಕ್ಕೆ ಎಲ್ಲಕ್ಕಿಂತ ಕಡಿಮೆ ಕೊಟ್ಟ ಕಡೆ ಎಲ್ಲಕ್ಕಿಂತ ಜಾಸ್ತಿ ಕಲಿತೆ ಅನ್ನಬಹುದು.

ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ ನಮ್ಮ ಮನೆ. ಸಂಜೆ ನಾಲ್ಕೂವರೆಯಿಂದ ಎಂಟರವರೆಗೆ ಪಾಠ, ಒಟ್ಟು 22 ಮಕ್ಕಳು. ಶಾಲಾ ಕಲೋತ್ಸವದ (ಕೇರಳದ ಶಾಲಾ ಮಕ್ಕಳ ಕಲಾ ಸ್ಪರ್ಧೆ) ಸಮಯದಲ್ಲಿ ಇದು ಇನ್ನೂ ಹೆಚ್ಚು. ಕನ್ನಡ ಪದ್ಯಪಠಣಕ್ಕೆ ಇಬ್ಬರು, ಶಾಸ್ತ್ರೀಯಕ್ಕೆ ಮೂವರು, ಲಘು ಸಂಗೀತಕ್ಕೆ ಇನ್ನಷ್ಟು ಮಂದಿ. ಎಲ್ಲರ ಜೊತೆಗೂ ನಾನು ಹಾಡಬೇಕು. ಅಂಥ ಒಂದು ನವೆಂಬರಿನಲ್ಲಿ ಮೇಲಿನ ಷಡ್ಜಕ್ಕೆ, ಅಂದರೆ ಎತ್ತರದ 'ಸ'ಗೆ, ಹೋದರೆ ಬರೀ ಗಾಳಿ ಬರಲು ಶುರುವಾಯಿತು. ಕಿವಿ ಮೂಗು ಗಂಟಲಿನ ಡಾಕ್ಟರು ಕ್ಯಾಮರಾ ಇಳಿಸಿ ನೋಡಿ, ಗಂಟು ಆಗಿಲ್ಲ, ಧ್ವನಿತಂತುಗಳ ಅಂಚು ಊದಿಕೊಂಡಿದೆ ಅಂದರು. ಆಗಲೇ ನನಗೆ ಅನ್ನಿಸಿದ್ದು: ಹದಿನೆಂಟು ವರ್ಷ ಹೇಳಿಕೊಟ್ಟೆ, ಗಂಟಲಿನೊಳಗೆ ಏನು ನಡೆಯುತ್ತದೆ ಅಂತ ಒಮ್ಮೆಯೂ ಕಲಿತಿಲ್ಲ.

ಮೊದಲು ಹೋದದ್ದು ಮಂಗಳೂರಿನ ಎರಡು ದಿನದ ಕಾರ್ಯಾಗಾರಕ್ಕೆ. 3,500 ರೂಪಾಯಿ. ಅರುವತ್ತು ಮಂದಿ ಇದ್ದರು. 'ಹೊಟ್ಟೆಯಿಂದ ಹಾಡು' ಅಂತ ನಾವೆಲ್ಲ ಹೇಳುತ್ತೇವೆ, ಅಲ್ವಾ? ವಪೆ (ಎದೆಗೂ ಹೊಟ್ಟೆಗೂ ನಡುವಿನ ಪರದೆ, ಡಯಾಫ್ರಂ) ಉಸಿರು ಎಳೆದುಕೊಳ್ಳುವ ಸ್ನಾಯು, ಅದು ಕೆಲಸ ಮಾಡುವುದು ನಮಗೆ ನೇರವಾಗಿ ಗೊತ್ತಾಗುವುದೂ ಇಲ್ಲ, ಹಾಗಿರುವಾಗ ಮಗುವಿಗೆ ಆ ಮಾತು ಹೇಳಿ ಏನು ಪ್ರಯೋಜನ ಅಂತ ಅಲ್ಲಿ ಚೆನ್ನಾಗಿ ವಿವರಿಸಿದರು. ಆದರೆ ಎರಡು ದಿನದಲ್ಲಿ ನನ್ನ ಧ್ವನಿಯನ್ನು ಒಬ್ಬರೂ ಕೇಳಲಿಲ್ಲ. ಅಷ್ಟೇ.

ಎರಡನೆಯದು ಆನ್‌ಲೈನ್ ಕೋರ್ಸು. ಹನ್ನೆರಡು ವಾರ, 18,000 ರೂಪಾಯಿ, ವಾರಕ್ಕೊಂದು ನೇರ ಪಾಠ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯಬೇಕು. ಯಾಕೆಂದರೆ ಇಲ್ಲಿ ನನಗಾದದ್ದು ಇನ್ನೊಬ್ಬರಿಗೆ ಆಗಬಾರದು.

ಮೊದಲ ಪಾಠದಲ್ಲಿ ಶ್ರುತಿಗೆ (ಹಿನ್ನೆಲೆಯಲ್ಲಿ ನಿಲ್ಲುವ ತಂಬೂರಿಯ ನಾದಕ್ಕೆ) ಫೋನು ಇಟ್ಟು, ಲ್ಯಾಪ್‌ಟಾಪಿನ ಎದುರು ಕುಳಿತು ಷಡ್ಜ ಹಿಡಿದೆ. ಪಾಠ ಮಾಡುವವರು ಕೇಳಿ, "ನಿಮ್ಮ ಸ್ವರ ನಿಲ್ಲುತ್ತಿಲ್ಲ, ನಾಲ್ಕು ಸೆಕೆಂಡಿಗೆ ಕರಗಿ ಹೋಗುತ್ತದೆ, ಉಸಿರು ಸಾಲುತ್ತಿಲ್ಲ" ಅಂದರು. ನನಗೆ ಎದೆ ಧಸಕ್ಕೆಂದಿತು. ಗಂಟಲು ಮೊದಲೇ ಹಾಳು, ಈಗ ಉಸಿರೂ ಹೋಯಿತಲ್ಲ ಅಂತ. ಮೂರು ವಾರ ಬೆಳಿಗ್ಗೆ ಐದಕ್ಕೆ ಎದ್ದು ಉಸಿರಿನ ಅಭ್ಯಾಸ ಮಾಡಿದೆ. ಜಾಸ್ತಿ ಒತ್ತಡ ಕೊಟ್ಟು ಸ್ವರ ಹಿಡಿದೆ. ಗಂಟಲು ಇನ್ನಷ್ಟು ಬಿಗಿಯಾಯಿತು.

ನಾಲ್ಕನೇ ವಾರ ಪಾಠದ ರೆಕಾರ್ಡಿಂಗ್ ಹಾಕಿ ಕೇಳಿದೆ. ಅದರಲ್ಲಿ ಶ್ರುತಿಯೇ ಇಲ್ಲ! ನನ್ನ ಷಡ್ಜ ಮೊದಲು ಸರಿಯಾಗಿ ಕೇಳಿ, ಆಮೇಲೆ ಯಾರೋ ವಾಲ್ಯೂಮ್ ತಿರುಗಿಸಿದ ಹಾಗೆ ಮೆಲ್ಲ ಇಳಿಯುತ್ತದೆ. ಅದೇ ಹೊತ್ತಿಗೆ ಫೋನಿನಲ್ಲಿ ಬೇರೆ ರೆಕಾರ್ಡ್ ಮಾಡಿದ್ದೆ. ಅದರಲ್ಲಿ ಹನ್ನೆರಡು ಸೆಕೆಂಡು ಸ್ವರ ಗಟ್ಟಿಯಾಗಿ ನಿಂತಿದೆ. ವಿಷಯ ಇಷ್ಟು: ವಿಡಿಯೊ ಆ್ಯಪುಗಳು ಮಾತಿಗಾಗಿ ಮಾಡಿದವು. ಒಂದೇ ಸಮನೆ ಕೇಳುವ ಸದ್ದನ್ನು ಫ್ಯಾನಿನ ಸದ್ದು ಅಂತ ತಿಳಿದು ಅಳಿಸಿಬಿಡುತ್ತವೆ. ತಂಬೂರಿ ಒಂದೇ ಸಮನೆ. 'ಆ' ಅಂತ ಎಳೆದು ಹಿಡಿದ ಸ್ವರವೂ ಒಂದೇ ಸಮನೆ. ನಮ್ಮ ಸಂಗೀತದಲ್ಲಿ ಯಾವುದನ್ನು ನಾವು ಶುದ್ಧ ಅಂತ ಕಲಿಸುತ್ತೇವೋ ಅದೇ ಆ ಯಂತ್ರಕ್ಕೆ ಕಸ. ಸೆಟ್ಟಿಂಗಿನಲ್ಲಿ ಸದ್ದು ತೆಗೆಯುವುದನ್ನು ನಿಲ್ಲಿಸುವ ಜಾಗ ಇದೆ, ಸಂಗೀತಗಾರರಿಗೆ ಅಂತಲೇ ಬೇರೆ ಆಯ್ಕೆ ಕೊಟ್ಟ ಆ್ಯಪುಗಳೂ ಇವೆ. ಆದರೆ ಅದನ್ನು ಕಲಿಸುವವರು ಮೊದಲ ದಿನವೇ ಹೇಳಬೇಕಿತ್ತು. ಇಲ್ಲದ ದೋಷಕ್ಕೆ ಮೂರು ವಾರ ನನ್ನ ಗಂಟಲು ದಂಡ ಕಟ್ಟಿತು. ಅದನ್ನು ನೆನೆಸಿದರೆ ಈಗಲೂ ಬೇಸರವಾಗುತ್ತದೆ.

ಅದು ಸರಿಯಾದ ಮೇಲೂ ಜೊತೆಗೆ ಹಾಡಲು ಆಗಲಿಲ್ಲ. ಸದ್ದು ತಲುಪುವಾಗ ಸೆಕೆಂಡಿನ ನೂರರಲ್ಲಿ ಮೂರು ಪಾಲು ತಡವಾದರೇ ತಾಳ ಜಾರಲು ಶುರುವಾಗುತ್ತದೆ. ವಿಡಿಯೊ ಕರೆಯಲ್ಲಿ ಅದರ ಎಷ್ಟೋ ಪಟ್ಟು ತಡ. ಮಳೆಗಾಲದಲ್ಲಿ ನಮ್ಮ ಕಡೆಯ ಕರೆಂಟಿನ ಕತೆ ಬೇರೆ ಹೇಳಬೇಕಾಗಿಲ್ಲ.

ಆದರೂ ಆ ಕೋರ್ಸಿನಿಂದ ಒಂದು ಒಳ್ಳೆಯ ವಿಷಯ ಸಿಕ್ಕಿತು. ಪಾಶ್ಚಾತ್ಯ ಅಭ್ಯಾಸದಲ್ಲಿ ಐದು ಸ್ವರದ ಒಂದು ಸಾಲನ್ನು ಹಾಡಿ, ಅರ್ಧ ಮನೆ (ಹಾರ್ಮೋನಿಯಂನಲ್ಲಿ ಪಕ್ಕದ ಕೀಲಿಯಷ್ಟು) ಮೇಲೆ ಏರಿಸಿ ಮತ್ತೆ ಅದನ್ನೇ ಹಾಡುತ್ತಾರೆ. ಅಂದರೆ ಷಡ್ಜವೇ ನಡೆಯುತ್ತಾ ಹೋಗುತ್ತದೆ. ನಮಗೆ ಷಡ್ಜ ಅಂದರೆ ಮನೆಯ ಅಡಿಪಾಯ, ಅದು ಕದಲುವುದಿಲ್ಲ. ಮಾಯಾಮಾಳವಗೌಳ ರಾಗದ ಮೊದಲ ಸರಳೆಯನ್ನು (ಮಕ್ಕಳಿಗೆ ಮೊದಲು ಕಲಿಸುವ ಸ್ವರಪಾಠ) ಹೀಗೆ ಶ್ರುತಿ ಬದಲಿಸಿ ಹಾಡಿಸಿದಾಗ ಮಕ್ಕಳು ಮೊದಲು ಗಲಿಬಿಲಿಗೊಂಡರು. ಆದರೆ ಯಾರ ಧ್ವನಿ ಎಲ್ಲಿ ಸುಖವಾಗಿದೆ ಅಂತ ನನಗೆ ಅರ್ಧ ಗಂಟೆಯಲ್ಲಿ ಗೊತ್ತಾಯಿತು. ಅಷ್ಟು ವರ್ಷ ಎಲ್ಲರನ್ನೂ ನನ್ನ ಐದು ಮನೆ ಶ್ರುತಿಯಲ್ಲೇ (ಹಾರ್ಮೋನಿಯಂನ ಐದನೇ ಬಿಳಿ ಕೀಲಿ ಷಡ್ಜವಾಗಿ) ಹಾಡಿಸಿದ್ದೆ. ಯಕ್ಷಗಾನದವರು ಬಿಳಿ, ಕಪ್ಪು ಅಂತ ಲೆಕ್ಕ ಹಾಕಿ ತಮಗೆ ಹೊಂದುವ ಶ್ರುತಿ ಹುಡುಕಿಕೊಳ್ಳುತ್ತಾರೆ, ನಾನು ಮಕ್ಕಳಿಗೆ ಅಷ್ಟೂ ಮಾಡಿರಲಿಲ್ಲ.

ಇನ್ನು ಮೂರನೆಯದು. ಮಂಗಳೂರಿನಲ್ಲಿ ಒಬ್ಬರು ವಾಕ್ ಮತ್ತು ಧ್ವನಿ ಚಿಕಿತ್ಸಕಿ. ನನಗಿಂತ ತುಂಬಾ ಚಿಕ್ಕವರು. ಆರು ಸಲ ಹೋದೆ, ಒಂದು ಸಲಕ್ಕೆ 600 ರೂಪಾಯಿ. ಕುಂಬಳೆಯಲ್ಲಿ ಬೆಳಗಿನ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೆ.

ಅವರು ಮೊದಲು ಒಂದು ಲೆಕ್ಕ ಹೇಳಿದರು. ಐದು ಮನೆ ಷಡ್ಜ ಹಾಡುವಾಗ ನನ್ನ ಧ್ವನಿತಂತುಗಳು ಸೆಕೆಂಡಿಗೆ 196 ಸಲ ಕೂಡಿ ಬೇರೆಯಾಗುತ್ತವೆ. ಅದೊಂದೇ ಸ್ವರವನ್ನು ಒಂದು ಗಂಟೆ ಹಾಡಿದರೆ ಏಳು ಲಕ್ಷಕ್ಕೂ ಮೇಲೆ. ಮೇಲಿನ ಷಡ್ಜಕ್ಕೆ ಅದರ ಎರಡು ಪಟ್ಟು. ನಾನು ದಿನಕ್ಕೆ ಮೂರೂವರೆ ಗಂಟೆ ಹಾಡುತ್ತಿದ್ದೆ.

ಆಮೇಲೆ ಒಂದು ಲೋಟ ನೀರು, ಒಂದು ಸ್ಟ್ರಾ ಕೊಟ್ಟರು. ಸ್ಟ್ರಾದ ತುದಿ ನೀರಿನಲ್ಲಿ ಎರಡು ಬೆರಳಿನಷ್ಟು ಮುಳುಗಿರಬೇಕು. ಕೆನ್ನೆ ಸಡಿಲ ಬಿಟ್ಟು 'ಊ' ಅಂತ ಸ್ವರ ಕೊಡಬೇಕು. ನೀರು ಗುಳುಗುಳು ಅನ್ನುತ್ತದೆ. ದಾರಿ ಸಣ್ಣದಾದಾಗ ಗಾಳಿಯ ಒತ್ತಡ ಸ್ವಲ್ಪ ಹಿಂದಕ್ಕೆ ತಳ್ಳುತ್ತದೆ, ಅದರಿಂದ ತಂತುಗಳು ಒಂದಕ್ಕೊಂದು ಬಡಿಯುವ ಪೆಟ್ಟು ಕಡಿಮೆಯಾಗುತ್ತದೆ. ಧ್ವನಿ ವಿಜ್ಞಾನಿ ಇಂಗೊ ಟಿಟ್ಜೆ ಈ ಸ್ಟ್ರಾ ಅಭ್ಯಾಸವನ್ನು ಜಗತ್ತಿಗೆಲ್ಲ ಪರಿಚಯ ಮಾಡಿಸಿದವರು. ಐದು ನಿಮಿಷ ಮಾಡಿ, ಸ್ಟ್ರಾ ತೆಗೆದು ಅದೇ ಸ್ವರ ಹಾಡಿದೆ. ಗಂಟಲು ಇದೆ ಅಂತಲೇ ಅನ್ನಿಸಲಿಲ್ಲ. ಅಷ್ಟು ಹಗುರ. ಅಲ್ಲೇ ನನ್ನ ಕಣ್ಣು ತುಂಬಿತು.

ಇನ್ನೂ ಮುಖ್ಯವಾದದ್ದು ಅವರು ಕಲಿಸುವ ರೀತಿ. ನಾನು ಹಾಡಿ ಮುಗಿಸಿದ ಕೂಡಲೇ ಸರಿ, ತಪ್ಪು ಅಂತ ಹೇಳುವುದೇ ಇಲ್ಲ. ಸುಮ್ನೆ ಕೂರುತ್ತಾರೆ. ಮೂರು ಸಲ ಆದ ಮೇಲೆ, "ಮೇಡಂ, ಯಾವ ಸಲ ಸುಲಭವಾಯಿತು?" ಅಂತ ಕೇಳುತ್ತಾರೆ. ಪ್ರತಿ ಸಲ ತಿದ್ದಿದರೆ ಎದುರಿನವರು ತಿದ್ದುವವರ ಕಿವಿಯನ್ನೇ ನಂಬುತ್ತಾರೆ, ಮನೆಗೆ ಹೋದ ಮೇಲೆ ಏನೂ ಉಳಿಯುವುದಿಲ್ಲ ಅಂದರು. ನಾನು ಜಂಟಿ ವರಸೆಯಲ್ಲಿ (ಜೋಡಿ ಸ್ವರಗಳ ಅಭ್ಯಾಸ) ಎರಡೆರಡು ಸ್ವರಕ್ಕೆ ನಿಲ್ಲಿಸಿ ತಿದ್ದುವವಳು. ಮರುದಿನದಿಂದಲೇ ಬಿಟ್ಟೆ. ಈಗ ಮಕ್ಕಳು ತಾವೇ, "ಟೀಚರೇ, ಎರಡನೇ ಸಲದ ಗಾಂಧಾರ ಏರಿಹೋಯಿತು" ಅನ್ನುತ್ತಾರೆ. ಸ್ಟ್ರಾ ತನ್ನಿ ಅಂದದ್ದಕ್ಕೆ ಒಬ್ಬಳು ಪಪ್ಪಾಯಿ ಎಲೆಯ ದಂಟು ಕೊಯ್ದು ತಂದಿದ್ದಳು. ಅದರ ಹಾಲು ಬಾಯಿಗೆ ಒಳ್ಳೆಯದಲ್ಲ ಅಂತ ಬೇಡವೆಂದೆ.

ಎಂಟನೇ ಕ್ಲಾಸಿನ ಒಬ್ಬ ಹುಡುಗನಿಗೆ ಧ್ವನಿ ಒಡೆಯುತ್ತಿತ್ತು. ಮೊದಲಾದರೆ ಎರಡು ವರ್ಷ ಹಾಡಬೇಡ ಅನ್ನುತ್ತಿದ್ದೆ, ನಮಗೂ ಹಾಗೇ ಹೇಳಿಕೊಟ್ಟದ್ದು. ನಿಲ್ಲಿಸಬೇಡಿ, ಸುಖವಾಗಿ ಬರುವ ನಾಲ್ಕೈದು ಸ್ವರದಲ್ಲೇ ಹಾಡಿಸಿ ಅಂದರು ಚಿಕಿತ್ಸಕಿ. ಪ್ರತಿ ಸೋಮವಾರ ಶ್ರುತಿ ಇಳಿಸುತ್ತಾ ಹುಡುಕಿದೆವು. ಆನ್‌ಲೈನಿನಲ್ಲಿ ಕಲಿತ ಆ ನಡೆಯುವ ಷಡ್ಜ ಇಲ್ಲಿ ಕೆಲಸಕ್ಕೆ ಬಂತು. ಈಗ ಎರಡೂವರೆ ಮನೆಯಲ್ಲಿ ಷಡ್ಜದಿಂದ ಪಂಚಮದವರೆಗೆ ಹಾಡುತ್ತಾನೆ.

ಸರ್ಟಿಫಿಕೇಟು ಬೇಕಾದವರಿಗೆ, ಶಾಲೆಯಲ್ಲಿ ಕೆಲಸ ಹುಡುಕುವವರಿಗೆ ನನ್ನ ಆಯ್ಕೆ ಹೊಂದಲಿಕ್ಕಿಲ್ಲ. ಚಿಕಿತ್ಸಕರು ರಾಗ ಹೇಳಿಕೊಡುವುದಿಲ್ಲ, ಗಮಕದ ವಿಚಾರಕ್ಕೆ ನನ್ನ ಗುರುಗಳ ಬಳಿಗೇ ಹೋಗಬೇಕು. ಹತ್ತಿರದಲ್ಲಿ ಧ್ವನಿ ಚಿಕಿತ್ಸಕರು ಸಿಗದಿದ್ದರೆ ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನನ್ನ ಲೆಕ್ಕ ಬೇರೆ. ತಿಂಗಳಿಗೆ ಬರುವ ಫೀಸಿನಲ್ಲಿ 18,000 ಎತ್ತಿಡಲು ವರ್ಷ ಬೇಕು, 600 ಯಾವ ತಿಂಗಳಲ್ಲೂ ಆಗುತ್ತದೆ. ನನಗೆ ಗುರುವಾರ ಪಾಠ ಇಲ್ಲ. ಬರುವ ತಿಂಗಳ ಒಂದು ಗುರುವಾರಕ್ಕೆ ಸಮಯ ಕೇಳಿದ್ದೇನೆ. ಈ ಸಲ ಆ ಹುಡುಗ ಮತ್ತು ಅವನ ಅಪ್ಪನೂ ಅದೇ ರೈಲಿನಲ್ಲಿ ಬರುತ್ತಾರೆ.