ಸಿಂಕಿನ ಪೈಪಿಗೆ ಹೀಟಿಂಗ್ ಕೇಬಲ್: ಮೂರು ಚಳಿಗಾಲದ ಬಳಕೆಯ ನಂತರ

ಷಿಕಾಗೋ ಹೊರವಲಯದ ನಮ್ಮ ಹಳೆಯ ಮನೆಯಲ್ಲಿ ಅಡುಗೆಮನೆಯ ಸಿಂಕ್ ಉತ್ತರದ ಹೊರಗೋಡೆಗೆ ಅಂಟಿಕೊಂಡಿದೆ. ಅದಕ್ಕೆ ನೀರು ತರುವ ತಾಮ್ರದ ಪೈಪು ನೆಲದಡಿಯ, ತೆವಳಿಕೊಂಡೇ ಹೋಗಬೇಕಾದ ಇಕ್ಕಟ್ಟಿನಲ್ಲಿ ಹಾದುಬರುತ್ತದೆ. ಮನೆಯ ಹೀಟರಿನ ಬಿಸಿ ಅಲ್ಲಿಗೆ ತಲುಪುವುದಿಲ್ಲ. 2019ರ ಜನವರಿ 30ರಂದು ಈ ಊರು ಕಂಡ ಮೈನಸ್ 30 ಡಿಗ್ರಿಯ ಚಳಿ ಪ್ರತಿ ವರ್ಷ ಬರುವುದಿಲ್ಲ, ನಿಜ. ಆದರೆ ಇಂತಹ ಜಾಗದ ಪೈಪು ಹೆಪ್ಪುಗಟ್ಟಲು ಮೈನಸ್ 7 ಡಿಗ್ರಿಯೇ ಸಾಕಾಗುತ್ತದೆ.

ಮೊದಲು ಫೋಮ್ ಕವಚವನ್ನಷ್ಟೇ ಹಾಕಿ ನೋಡಿದ್ದೆ. ಅದು ಕಂಬಳಿಯಂತೆ ಇದ್ದ ಕಾವನ್ನು ಹಿಡಿದಿಡುತ್ತದೆಯೇ ಹೊರತು ತಾನಾಗಿ ಕಾವು ಕೊಡುವುದಿಲ್ಲ. ರಾತ್ರಿಯಿಡೀ ನಿಂತ ನೀರಿನಲ್ಲಿ ಹಿಡಿದಿಡಲು ಕಾವಾದರೂ ಎಲ್ಲಿರುತ್ತದೆ? ಆದ್ದರಿಂದ ಥರ್ಮೋಸ್ಟಾಟ್ (ಕಾವು ನೋಡಿ ಚಾಲೂ-ಬಂದ್ ಮಾಡುವ ಸ್ವಿಚ್ಚು) ಕೂಡಿರುವ 12 ಅಡಿ ಉದ್ದದ ಹೀಟಿಂಗ್ ಕೇಬಲ್, ಅಂದರೆ ಪೈಪಿಗೆ ತಾಗಿಸಿ ಕಟ್ಟುವ, ಕರೆಂಟಿನಿಂದ ಬಿಸಿಯಾಗುವ ತಂತಿ, ಕೊಂಡೆ. ಪೈಪು ಸುಮಾರು 3 ಡಿಗ್ರಿಗೆ ತಣಿದಾಗ ಇದು ತಾನಾಗಿಯೇ ಚಾಲೂ ಆಗಿ, 10 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಡಿಗೆ 7 ವ್ಯಾಟ್ ಲೆಕ್ಕದಲ್ಲಿ ದಿನವಿಡೀ ಉರಿದರೂ ಸುಮಾರು 2 ಯೂನಿಟ್ ಅಷ್ಟೇ.

ಹೀಗಿದ್ದೂ ಮೊದಲ ಚಳಿಗಾಲದಲ್ಲೇ ಒಂದು ಬೆಳಿಗ್ಗೆ ನಲ್ಲಿ ಎರಡು ಹನಿ ಉದುರಿಸಿ ಸುಮ್ಮನಾಯಿತು. ಧಾರವಾಡದಿಂದ ಬಂದಿದ್ದ ಅಮ್ಮ, "ಊರಾಗ ನೀರು ಬರಲಿಲ್ಲಂದ್ರ ವಾಲ್ವ್‌ಮನ್‌ಗ ಬೈತಿದ್ವಿ, ಇಲ್ಲಿ ಯಾರಿಗೆ ಬೈಯೂದು?" ಎಂದು ಕೇಳಿದರು. ಬೈಸಿಕೊಳ್ಳಬೇಕಾದವನು ನಾನೇ ಆಗಿದ್ದೆ. ಕೇಬಲ್‌ನ ಥರ್ಮೋಸ್ಟಾಟ್ ಇರುವುದು ಪ್ಲಗ್ಗಿನ ಕಡೆಯ ತುದಿಯಲ್ಲಿ; ನಮ್ಮ ಸಾಕೆಟ್ ಇದ್ದದ್ದು ವಾಟರ್ ಹೀಟರಿನ ಪಕ್ಕ, ಅಂದರೆ ಪೈಪಿನ ಬೆಚ್ಚನೆಯ ತುದಿಯಲ್ಲಿ. ಅಲ್ಲಿ ಚಳಿಯೇ ತಾಗದ ಥರ್ಮೋಸ್ಟಾಟ್ ಕೇಬಲನ್ನು ಚಾಲೂ ಮಾಡಲಿಲ್ಲ, ಹೊರಗೋಡೆಯ ಬಳಿ ನೀರು ಕಲ್ಲಾಯಿತು. ನಲ್ಲಿಯನ್ನು ತೆರೆದಿಟ್ಟು, ಹೇರ್ ಡ್ರೈಯರನ್ನು ನಲ್ಲಿಯ ಕಡೆಯಿಂದ ಆರಂಭಿಸಿ ನಿಧಾನವಾಗಿ ಹಿಂದಕ್ಕೆ ಆಡಿಸುತ್ತಾ ಮುಕ್ಕಾಲು ಗಂಟೆ ಮಲಗಿದಲ್ಲೇ ಕಳೆದೆ. ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ಮುಚ್ಚಿದ ನಲ್ಲಿಗೂ ಮಂಜುಗಡ್ಡೆಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡವೇ ಸಾಮಾನ್ಯವಾಗಿ ಪೈಪನ್ನು ಸೀಳುವುದು. ನಮ್ಮ ಪೈಪು ಉಳಿದದ್ದು ಪುಣ್ಯ.

ಥರ್ಮೋಸ್ಟಾಟ್ ಅತಿ ತಣ್ಣನೆಯ ಜಾಗದಲ್ಲಿ ಪೈಪಿಗೆ ತಾಗಿರಬೇಕೆಂಬ ಮಾತು ಸೂಚನಾಪತ್ರದಲ್ಲಿದೆ, ಆದರೆ ಸಣ್ಣಕ್ಷರದಲ್ಲಿ, ನಾಲ್ಕನೆಯ ಪುಟದಲ್ಲಿ. ಪೆಟ್ಟಿಗೆಯ ಮೇಲೇ ಮುದ್ರಿಸಬೇಕಾದ ಸಂಗತಿಯದು. ಎಕ್ಸ್‌ಟೆನ್ಷನ್ ಬಳಸಬಾರದಾದ್ದರಿಂದ ಗೋಡೆಯ ಬಳಿ ಹೊಸ ಸಾಕೆಟ್ ಹಾಕಿಸಬೇಕಾಯಿತು, ಅದಕ್ಕೆ ಎಲೆಕ್ಟ್ರಿಷಿಯನ್ ಪಡೆದ ಹಣ ಕೇಬಲ್‌ನ ಬೆಲೆಯನ್ನು ಮೀರಿತು. ಕೇಬಲ್ ತನ್ನ ಮೇಲೆ ತಾನೇ ಹಾಯಬಾರದು. ಹಾಯ್ದರೆ ಅಲ್ಲೇ ವಿಪರೀತ ಬಿಸಿಯಾಗುತ್ತದೆ. ಪೈಪಿನುದ್ದಕ್ಕೆ ನೇರವಾಗಿ ಎಳೆದು ಟೇಪು ಸುತ್ತಿ, ಮೇಲೆ ಅರ್ಧ ಇಂಚಿನ ಫೈಬರ್‌ಗ್ಲಾಸ್ ಹೊದಿಸಿದ್ದೇವೆ.

ಆನಂತರದ ಎರಡು ಚಳಿಗಾಲಗಳಲ್ಲಿ ಒಮ್ಮೆಯೂ ನೀರು ನಿಂತಿಲ್ಲ. ಕರೆಂಟು ಹೋದರೆ ಮಾತ್ರ ಕೇಬಲ್ ಬರೀ ಹಗ್ಗ. ಅಂತಹ ರಾತ್ರಿ ನಲ್ಲಿಯನ್ನು ಸಣ್ಣಗೆ ಹರಿಯಬಿಟ್ಟು ಮಲಗುತ್ತೇವೆ. ಈ ವರ್ಷ ಗ್ಯಾರೇಜಿನ ಪೈಪಿಗೂ 6 ಅಡಿಯದೊಂದನ್ನು ತರಿಸುತ್ತಿದ್ದೇನೆ. ಅಲ್ಲಿ ಸಾಕೆಟ್ ಸರಿಯಾದ ತುದಿಯಲ್ಲೇ ಇದೆ, ನೋಡಿಕೊಂಡಿದ್ದೇನೆ.