ಪಿಎಲ್‌ಸಿ ನೆಟ್‌ವರ್ಕ್ ಕೈಕೊಟ್ಟಾಗ ವೈರ್‌ಶಾರ್ಕ್: ಎಲ್ಲಿ ನಂಬಬಹುದು, ಎಲ್ಲಿ ಸಾಲದು

ಕಾರ್ಖಾನೆಯ ಲೈನ್ ನಿಂತು ಎಚ್‌ಎಂಐ (ಆಪರೇಟರ್ ನೋಡುವ ಪರದೆ) ಮೇಲೆ ಕಮ್ಯುನಿಕೇಶನ್ ಫಾಲ್ಟ್ ಅಂತ ಬಂದರೆ ನಮ್ಮಲ್ಲಿ ಮೊದಲು ಬೈಸಿಕೊಳ್ಳುವುದು ಪಿಎಲ್‌ಸಿ, ಅಂದರೆ ಯಂತ್ರಗಳನ್ನು ನಡೆಸುವ ಕಂಟ್ರೋಲರ್. ಅದನ್ನು ಆಫ್ ಮಾಡಿ ಆನ್ ಮಾಡುತ್ತಾರೆ, ಲೈನ್ ಓಡುತ್ತದೆ, ಎಲ್ಲರೂ ಚಹಾಕ್ಕೆ ಹೋಗುತ್ತಾರೆ, ಮಾರನೇ ದಿನ ಮತ್ತೆ ಅದೇ ಕಥೆ. ವೈರಿನ ಮೇಲೆ ನಿಜವಾಗಿ ಏನು ಓಡಾಡುತ್ತಿದೆ ಅಂತ ಕಣ್ಣಾರೆ ನೋಡದೆ ಇದು ಮುಗಿಯುವುದಿಲ್ಲ. ಅದಕ್ಕೆ ನಾನು ಬಳಸುವುದು ವೈರ್‌ಶಾರ್ಕ್, ನೆಟ್‌ವರ್ಕಿನಲ್ಲಿ ಓಡಾಡುವ ಪ್ಯಾಕೆಟ್ಟುಗಳನ್ನು ಹಿಡಿದು ತೋರಿಸುವಂಥದ್ದು. ಜೆರಾಲ್ಡ್ ಕೋಮ್ಸ್ 1998ರಲ್ಲಿ ಈಥೀರಿಯಲ್ ಅನ್ನುವ ಹೆಸರಲ್ಲಿ ಬಿಟ್ಟ ಸಾಫ್ಟ್‌ವೇರ್ ಇದು, 2006ರಲ್ಲಿ ಈಗಿನ ಹೆಸರು ಬಂತು. ಪೂರ್ತಿ ಉಚಿತ, ಲೈಸೆನ್ಸ್‌ಗೆ ಡಾಂಗಲ್ ಚುಚ್ಚುವ ಕಾಟವೂ ಇಲ್ಲ.

ಮಾಡ್‌ಬಸ್ ಟಿಸಿಪಿ, ಪ್ರಾಫಿನೆಟ್, ಈಥರ್‌ನೆಟ್/ಐಪಿ, ಹೀಗೆ ಕಾರ್ಖಾನೆಯ ಸಾಧನಗಳು ಮಾತಾಡುವ ಪ್ರೋಟೋಕಾಲ್‌ಗಳನ್ನೆಲ್ಲ ಇದು ಬಿಡಿಸಿ ತೋರಿಸುತ್ತದೆ. ಮಾಡ್‌ಬಸ್ ಅಂದರೆ ಯಾವ ರಿಜಿಸ್ಟರ್ (ಸಾಧನದೊಳಗೆ ಮೌಲ್ಯ ಇಡುವ ಜಾಗ) ಕೇಳಿದ್ದು, ಬಂದ ಉತ್ತರ ಏನು, ಎಷ್ಟು ಹೊತ್ತಿಗೆ ಬಂತು, ಎಲ್ಲ ಸಾಲುಸಾಲಾಗಿ ಕಾಣುತ್ತದೆ. ಉತ್ತರವಾಗಿ ಎಕ್ಸೆಪ್ಶನ್ ಕೋಡ್ (ತಪ್ಪು ತಿಳಿಸುವ ಸಂಖ್ಯೆ) 2 ಬಂದಿದ್ದರೆ ಸುಮ್ನೆ ಕೇಬಲ್ ಎಳೆದಾಡಬೇಡಿ. ನೆಟ್‌ವರ್ಕ್ ಚೆನ್ನಾಗೇ ಇದೆ, ನೀವು ಕೇಳಿದ ವಿಳಾಸ ಆ ಸಾಧನದಲ್ಲಿ ಇಲ್ಲ ಅಷ್ಟೇ. ಮ್ಯಾನ್ಯುಯಲ್‌ನಲ್ಲಿ 40001 ಅಂತ ಇರುವುದು ವೈರಿನ ಮೇಲೆ 0 ಆಗಿ ಹೋಗುತ್ತದೆ, ಒಂದು ಹೆಚ್ಚುಕಮ್ಮಿ ಆಗುವುದು ಜಾಸ್ತಿ ಇಲ್ಲೇ.

ಒಂದು ಪ್ಯಾಕಿಂಗ್ ಲೈನಿನಲ್ಲಿ ಮೋಟರ್ ಓಡಿಸುವ ಡ್ರೈವ್ ಒಂದು ಆಗಾಗ ನೆಟ್‌ವರ್ಕಿನಿಂದ ಕಾಣೆಯಾಗುತ್ತಿತ್ತು. ಕೇಬಲ್ ಬದಲಾಯಿಸಿದ್ದರು, ಡ್ರೈವನ್ನೂ ಬದಲಾಯಿಸಿದ್ದರು. ಪಿಎಲ್‌ಸಿ ಇದ್ದ ಪೋರ್ಟನ್ನು ಸ್ವಿಚ್‌ನಲ್ಲಿ ಮಿರರ್ ಮಾಡಿ (ಅಲ್ಲಿನ ಪ್ಯಾಕೆಟ್ಟುಗಳ ನಕಲು ಇನ್ನೊಂದು ಪೋರ್ಟಿಗೂ ಬರುವಂತೆ ಮಾಡಿ), ಅಲ್ಲಿ ಲ್ಯಾಪ್‌ಟಾಪ್ ಚುಚ್ಚಿ ಕಾದೆವು. ಫಾಲ್ಟ್ ಬಂದ ಹೊತ್ತಿಗೆ ಸರಿಯಾಗಿ ಒಂದು ಎಚ್ಚರಿಕೆ: ಒಂದೇ ಐಪಿ, ಎರಡು ಮ್ಯಾಕ್ (ಹಾರ್ಡ್‌ವೇರ್) ವಿಳಾಸ. ಮ್ಯಾಕ್‌ನ ಮೊದಲ ಮೂರು ಬೈಟ್ ನೋಡಿ ತಯಾರಕರ ಹೆಸರನ್ನೂ ವೈರ್‌ಶಾರ್ಕ್ ತೋರಿಸುತ್ತದೆ, ಹಾಗಾಗಿ ಹುಡುಕುವುದು ಕಷ್ಟವಾಗಲಿಲ್ಲ. ಹೊಸದಾಗಿ ತಂದಿಟ್ಟ ಲೇಬಲ್ ಪ್ರಿಂಟರ್. ಅದು ಆನ್ ಆದಾಗಲೆಲ್ಲ ಈ ಐಪಿ ನಂದು ಅಂತ ಎಆರ್‌ಪಿ (ಯಾವ ಐಪಿ ಯಾವ ಮ್ಯಾಕ್‌ನದು ಅಂತ ತಿಳಿಸುವ ಸಂದೇಶ) ಕಳಿಸುತ್ತಿತ್ತು, ಪಿಎಲ್‌ಸಿ ಅದನ್ನೇ ನಂಬಿ ಡ್ರೈವ್‌ಗೆ ಕಳಿಸಬೇಕಾದ ಪ್ಯಾಕೆಟ್ಟನ್ನು ಪ್ರಿಂಟರ್‌ಗೆ ಕಳಿಸುತ್ತಿತ್ತು, ಪ್ರಿಂಟರ್ ಗುರುತಿಲ್ಲದ ಕನೆಕ್ಷನ್ ಅಂತ ರೀಸೆಟ್ ಹೊಡೆಯುತ್ತಿತ್ತು. ಪ್ರಿಂಟರ್‌ಗೆ ಬೇರೆ ಐಪಿ ಕೊಟ್ಟ ಮೇಲೆ ಡ್ರೈವ್ ಮತ್ತೆ ಕಾಣೆಯಾಗಲಿಲ್ಲ. ಸುಮ್ಮನೆ ಬಿಚ್ಚಿಟ್ಟ ಆ ಹಳೇ ಡ್ರೈವ್ ನೋಡಿದರೆ ಹೊಟ್ಟೆ ಉರಿಯುತ್ತದೆ.

ಕೊರತೆಗಳೂ ಇವೆ, ಸಣ್ಣವಲ್ಲ. ಮೊದಲನೆಯದು, ಪ್ಯಾನೆಲ್‌ನಲ್ಲಿ ಸೆಟ್ಟಿಂಗ್ ಇಲ್ಲದ ಸಾದಾ ಅನ್‌ಮ್ಯಾನೇಜ್ಡ್ ಸ್ವಿಚ್ ಇದ್ದರೆ ನಿಮಗೆ ಕಾಣುವುದು ಹೆಚ್ಚಾಗಿ ಎಲ್ಲರಿಗೂ ಹೋಗುವ ಬ್ರಾಡ್‌ಕಾಸ್ಟ್, ಮಲ್ಟಿಕಾಸ್ಟ್ ಮಾತ್ರ. ಪಿಎಲ್‌ಸಿ ಮತ್ತು ಡ್ರೈವ್ ನಡುವಿನ ನೇರ ಮಾತು ಸಾಮಾನ್ಯವಾಗಿ ನಿಮ್ಮ ಪೋರ್ಟಿಗೆ ಬರುವುದೇ ಇಲ್ಲ. ಮಿರರಿಂಗ್ ಇರುವ ಸ್ವಿಚ್ ಬೇಕು, ಇಲ್ಲವೇ ಟ್ಯಾಪ್ (ಕೇಬಲ್ ಮಧ್ಯೆ ಕೂತು ನಕಲು ಕೊಡುವ ಪೆಟ್ಟಿಗೆ) ಬೇಕು. ಸಾಫ್ಟ್‌ವೇರ್ ಉಚಿತ ಅನ್ನುವ ಮಾತು ಇಲ್ಲಿಗೆ ಬಂದಾಗ ಅರ್ಧ ಮಾತ್ರ ನಿಜ, ಅಲ್ವಾ?

ಎರಡನೆಯದು ಇನ್ನೂ ಮುಖ್ಯ. ಸಿಆರ್‌ಸಿ (ದಾರಿಯಲ್ಲಿ ಡೇಟಾ ಕೆಟ್ಟಿದೆಯಾ ಅಂತ ನೋಡುವ ತಾಳೆ ಸಂಖ್ಯೆ) ಹೊಂದದ ಫ್ರೇಮನ್ನು, ಅಂದರೆ ಕೆಟ್ಟ ಈಥರ್‌ನೆಟ್ ಪ್ಯಾಕೆಟ್ಟನ್ನು, ಸ್ವಿಚ್ಚೇ ಎಸೆದುಬಿಡುತ್ತದೆ, ಅದರಿಂದ ತಪ್ಪಿಸಿಕೊಂಡು ಬಂದರೂ ಸಾಮಾನ್ಯವಾಗಿ ನೆಟ್‌ವರ್ಕ್ ಕಾರ್ಡ್ ಬಿಡುವುದಿಲ್ಲ. ಡ್ರೈವ್‌ನ ಪವರ್ ಕೇಬಲ್ ಪಕ್ಕದಲ್ಲೇ ಎಳೆದ ಈಥರ್‌ನೆಟ್ ಕೇಬಲ್, ಸಡಿಲ ಕನೆಕ್ಟರ್, ಒಂದು ಕಡೆ ವೇಗವನ್ನು 100 ಫುಲ್ ಡ್ಯುಪ್ಲೆಕ್ಸ್ (100 Mbps, ಎರಡೂ ದಿಕ್ಕಿಗೆ ಒಟ್ಟಿಗೆ) ಫಿಕ್ಸ್ ಮಾಡಿ ಇನ್ನೊಂದು ಕಡೆ ಆಟೋ ಬಿಟ್ಟಿರುವುದು, ಇಂಥ ರೋಗಗಳ ಮೂಲ ವೈರ್‌ಶಾರ್ಕ್‌ಗೆ ಕಾಣುವುದಿಲ್ಲ. ಮತ್ತೆ ಮತ್ತೆ ಕಳಿಸಿದ ಪ್ಯಾಕೆಟ್ ಕಾಣುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಸ್ವಿಚ್‌ನ ಪೋರ್ಟ್ ಕೌಂಟರ್ (ಕೆಟ್ಟ ಫ್ರೇಮ್ ಎಷ್ಟು ಬಂತು ಅನ್ನುವ ಎಣಿಕೆ) ತೆಗೆದು ನೋಡಬೇಕು. ನಾನಂತೂ ಈಗ ಮೊದಲು ಕೌಂಟರ್, ಆಮೇಲೆ ಕ್ಯಾಪ್ಚರ್.

ಪ್ರಾಫಿನೆಟ್‌ಗೆ ಇನ್ನೊಂದು ಎಚ್ಚರ. 2 ಮಿಲಿಸೆಕೆಂಡ್ ಅಪ್‌ಡೇಟ್ ಟೈಮ್ ಇದ್ದು ಮೂರು ಸೈಕಲ್ ತಪ್ಪಿದರೆ ಫಾಲ್ಟ್ ಅಂತ ಇಟ್ಟಿದ್ದರೆ, ವಾಚ್‌ಡಾಗ್, ಅಂದರೆ ಫಾಲ್ಟ್ ಅನ್ನುವ ಮುಂಚೆ ಕಾಯುವ ಹೊತ್ತು, 6 ಮಿಲಿಸೆಕೆಂಡ್. ಇಷ್ಟು ಸಣ್ಣ ಲೆಕ್ಕದಲ್ಲಿ ಸಾಧಾರಣ ಲ್ಯಾಪ್‌ಟಾಪ್‌ನ ಟೈಮ್‌ಸ್ಟ್ಯಾಂಪ್ ಮೇಲೆ ಪೂರ್ತಿ ಭರವಸೆ ಇಡಬೇಡಿ.

ಯಾವಾಗ ಬರುತ್ತದೋ ಗೊತ್ತಿಲ್ಲದ ಫಾಲ್ಟ್‌ಗೆ ಇದರ ರಿಂಗ್ ಬಫರ್ ಬಹಳ ಚೆನ್ನಾಗಿದೆ. ಡಿಸ್ಕ್ ತುಂಬದೆ, ಹಳೆಯ ಫೈಲ್ ಅಳಿಸುತ್ತಾ ರಾತ್ರಿಯೆಲ್ಲ ಓಡುತ್ತದೆ. ಆದರೆ ಸ್ಕಾಡಾ (ಇಡೀ ಪ್ಲಾಂಟ್ ಮೇಲೆ ಕಣ್ಣಿಡುವ) ಸರ್ವರ್ ಮೇಲೆ ಇದನ್ನು ಇನ್‌ಸ್ಟಾಲ್ ಮಾಡಬೇಡಿ, ಬೇರೆ ಲ್ಯಾಪ್‌ಟಾಪ್ ಇಡಿ. ಲೈನ್ ಆರಾಮಾಗಿ ಓಡುತ್ತಿರುವಾಗಲೇ ಒಂದು ಸಣ್ಣ ಕ್ಯಾಪ್ಚರ್ ತೆಗೆದಿಟ್ಟುಕೊಳ್ಳಿ, ಫಾಲ್ಟ್ ಬಂದಾಗ ಪಕ್ಕದಲ್ಲಿಟ್ಟು ನೋಡಲು ಬೇಕಾಗುತ್ತದೆ.