ವರ್ಡ್ ಬಿಲ್ ಫಾರ್ಮಿನ ಲೆಕ್ಕ: ಕ್ಯಾಲ್ಕುಲೇಷನ್ ಫೀಲ್ಡ್ ಸಾಕೇ, ಮ್ಯಾಕ್ರೋ ಬೇಕೇ?

ವರ್ಡ್‌ನಲ್ಲಿ ಬಿಲ್, ಕೊಟೇಶನ್ ಫಾರ್ಮ್ ಮಾಡುವವರಿಗೆ ನನ್ನ ಸಲಹೆ ಒಂದೇ: ಸಾಲುಗಳು ಹೆಚ್ಚಾಗುವಂತಿದ್ದರೆ ಎಕ್ಸಿಟ್ ಮ್ಯಾಕ್ರೋನೇ (ಕರ್ಸರ್ ಫೀಲ್ಡಿನಿಂದ, ಅಂದರೆ ತುಂಬುವ ಜಾಗದಿಂದ, ಹೊರಬಂದಾಗ ಓಡುವ ಕೋಡ್) ಹಾಕಿ. ಒಂದೇ ಜಿಎಸ್‌ಟಿ ಬಿಲ್ಲಿನಲ್ಲಿ ಕ್ಯಾಲ್ಕುಲೇಷನ್ ಫೀಲ್ಡ್, ಮ್ಯಾಕ್ರೋ, ಕಂಟೆಂಟ್ ಕಂಟ್ರೋಲ್ ಮೂರು ದಾರಿಗಳನ್ನೂ ಓಡಿಸಿ ನೋಡಿದ ಮೇಲೆ ಹೇಳುತ್ತಿರುವುದು.

ಕ್ಯಾಲ್ಕುಲೇಷನ್ ಫೀಲ್ಡ್ ಅಂದರೆ ಸೂತ್ರ ಬರೆದಿಟ್ಟರೆ ತಾನಾಗಿ ಲೆಕ್ಕ ಹಾಕುವ ಫೀಲ್ಡ್, ಇದಕ್ಕೆ ಕೋಡ್ ಬೇಡ. ಪ್ರಮಾಣ, ದರದ ಫೀಲ್ಡುಗಳಿಗೆ ಬುಕ್‌ಮಾರ್ಕ್ ಹೆಸರು ಕೊಟ್ಟು, 'ಕ್ಯಾಲ್ಕುಲೇಟ್ ಆನ್ ಎಕ್ಸಿಟ್' ಟಿಕ್ ಮಾಡಿ, ಮೊತ್ತದ ಫೀಲ್ಡಿನಲ್ಲಿ ಗುಣಾಕಾರ ಬರೆದರೆ ಮುಗಿಯಿತು. ಸಾಲನ್ನು ಕಾಪಿ ಮಾಡಿ ಅಂಟಿಸಿದಾಗ ಮಾತ್ರ ಕೈಕೊಡುತ್ತದೆ. ಒಂದು ಬುಕ್‌ಮಾರ್ಕ್ ಹೆಸರು ಒಂದು ಕಡೆ ಮಾತ್ರ ಇರಬಲ್ಲದು, ಹಾಗಾಗಿ ಹೊಸ ಫೀಲ್ಡುಗಳಿಗೆ ಹೆಸರೇ ಇರುವುದಿಲ್ಲ. ಸೂತ್ರ ಮಾತ್ರ ಹಳೆಯ ಸಾಲನ್ನೇ ಹಿಡಿದಿರುತ್ತದೆ. ಎರಡನೇ ಸಾಲಿನಲ್ಲಿ ಏನೇ ತುಂಬಿದರೂ ಮೊದಲ ಸಾಲಿನ ಮೊತ್ತವೇ ಕಾಣುತ್ತದೆ, ಎರರ್ ಕೂಡ ಬರುವುದಿಲ್ಲ.

ಮ್ಯಾಕ್ರೋದಲ್ಲಿ ಹೆಸರಿನ ಗೊಡವೆ ಬೇಡ. ಟೇಬಲ್ಲಿನ ಇಷ್ಟನೇ ಸಾಲು, ಇಷ್ಟನೇ ಕಾಲಂ ಎಂದು ಸೆಲ್ ಹಿಡಿದು, ಅದರೊಳಗಿನ ಮೊದಲ ಫಾರ್ಮ್ ಫೀಲ್ಡಿನ ರಿಸಲ್ಟ್ ಓದಿದರೆ ಸಾಕು. ಮೊತ್ತದ ಫೀಲ್ಡಿಗೆ 'ಫಿಲ್-ಇನ್ ಎನೇಬಲ್ಡ್' (ಕೈಯಿಂದ ತುಂಬಲು ಬಿಡುವ) ಟಿಕ್ ತೆಗೆದಿಡಿ.

ಆದರೆ ಇಲ್ಲೂ ಒಂದು ಗುಂಡಿ ಇದೆ, ಬಹಳ ಜನ ಬೀಳುವುದು ಇದರಲ್ಲೇ. ಪಠ್ಯವನ್ನು ಅಂಕಿ ಮಾಡುವ 'ವ್ಯಾಲ್' ಫಂಕ್ಷನ್ ಕಾಮಾ ಕಂಡ ಕೂಡಲೇ ಓದುವುದನ್ನು ನಿಲ್ಲಿಸುತ್ತದೆ. 1,250 ಅದಕ್ಕೆ ಬರೀ 1. ನಾಲ್ಕು ನಗದ ಬಿಲ್ 5,000 ಆಗುವ ಬದಲು 4 ರೂಪಾಯಿ! ಬಳಕೆದಾರರು ಕಾಮಾ ಒತ್ತದಿದ್ದರೂ, ಫೀಲ್ಡಿಗೆ ಕಾಮಾ ಇರುವ ನಂಬರ್ ಫಾರ್ಮ್ಯಾಟ್ ಕೊಟ್ಟಿದ್ದರೆ ವರ್ಡೇ ಸೇರಿಸುತ್ತದೆ. ಮುಂದೆ ₹ ಇದ್ದರಂತೂ ಉತ್ತರ ಸೊನ್ನೆ. ಪಠ್ಯವನ್ನು ಹಣದ ಅಂಕಿ ಮಾಡುವ 'ಸಿಕರ್' (CCur) ಬಳಸೋಣವೆಂದರೆ ಖಾಲಿ ಫೀಲ್ಡಿಗೆ ಎರರ್ 13 ಕೊಟ್ಟು ನಿಲ್ಲುತ್ತದೆ. ಮೊದಲು 'ರಿಪ್ಲೇಸ್'‌ನಿಂದ ಕಾಮಾ ಮತ್ತು ₹ ತೆಗೆದು ಆಮೇಲೆ ವ್ಯಾಲ್‌ಗೆ ಕೊಡುವುದೇ ಸರಿ. ಮ್ಯಾಕ್ರೋ ಬರೆಯುವ ವಿಬಿಎ ಎಡಿಟರಿನಲ್ಲಿ ₹ ಟೈಪ್ ಆಗುವುದಿಲ್ಲ, ಅದರ ಯೂನಿಕೋಡ್ ಸಂಖ್ಯೆ 8377 ಬಳಸಿ.

ಪೈಸೆಯ ಲೆಕ್ಕಕ್ಕೆ 'ರೌಂಡ್' ಬೇಡ. 112.50ಕ್ಕೆ ಶೇ. 9 ಅಂದರೆ 10.125, ರೌಂಡ್ 10.12 ಕೊಡುತ್ತದೆ, 'ಫಾರ್ಮ್ಯಾಟ್' 10.13.

ಕೋಡಿನಲ್ಲಿ ಪ್ರೊಟೆಕ್ಷನ್ (ಫೀಲ್ಡು ಬಿಟ್ಟು ಬೇರೆಡೆ ತಿದ್ದದಂತೆ ಫಾರ್ಮಿಗೆ ಹಾಕುವ ಬೀಗ) ತೆಗೆದು ಮತ್ತೆ ಹಾಕುವಾಗ 'ನೋರೀಸೆಟ್' ಟ್ರೂ ಇರಲೇಬೇಕು. ಮರೆತರೆ ತುಂಬಿದ್ದೆಲ್ಲ ಅಳಿಸಿಹೋಗುತ್ತದೆ.

ಮೂರನೆಯ ದಾರಿಯಾದ ಕಂಟೆಂಟ್ ಕಂಟ್ರೋಲ್ (ವರ್ಡ್‌ನ ಇನ್ನೊಂದು ಬಗೆಯ ತುಂಬುವ ಚೌಕ) ನೋಡಲು ಚಂದ. ತಾನಾಗಿ ಲೆಕ್ಕ ಮಾಡುವುದಿಲ್ಲ, ಹೇಗೂ ಮ್ಯಾಕ್ರೋ ಬೇಕು.

ಫಾರ್ಮ್ ಹೊರಗಿನವರಿಗೆ ಮೇಲ್‌ನಲ್ಲಿ ಹೋಗುವುದಾದರೆ ಕ್ಯಾಲ್ಕುಲೇಷನ್ ಫೀಲ್ಡೇ ವಾಸಿ. ಇಂಟರ್ನೆಟ್ಟಿನಿಂದ ಬಂದ ಫೈಲಿನ ಮ್ಯಾಕ್ರೋಗಳನ್ನು 2022ರಿಂದ ಆಫೀಸ್ ತಾನಾಗಿಯೇ ತಡೆಯುತ್ತದೆ. ಪ್ರಾಪರ್ಟೀಸ್‌ಗೆ ಹೋಗಿ 'ಅನ್‌ಬ್ಲಾಕ್' ಮಾಡಿ ಎಂದು ಗಿರಾಕಿಗೆ ಹೇಳಲಾಗುವುದಿಲ್ಲ. ನಮ್ಮದೇ ಕಂಪ್ಯೂಟರಿನಲ್ಲಿ ದಿನಾ ಬಿಲ್ ಹಾಕುವವರಿಗೆ ಈ ತಾಪತ್ರಯವಿಲ್ಲ, ಹೊಸ ಸಾಫ್ಟ್‌ವೇರಿನ ಖರ್ಚೂ ಇಲ್ಲ.

ಕೊನೆಯ ಫೀಲ್ಡಿನಲ್ಲೇ ಕರ್ಸರ್ ಬಿಟ್ಟು ಪ್ರಿಂಟ್ ಕೊಟ್ಟರೆ ಕ್ಯಾಲ್ಕುಲೇಷನ್ ಫೀಲ್ಡ್, ಮ್ಯಾಕ್ರೋ ಎರಡರಲ್ಲೂ ಹಳೆಯ ಮೊತ್ತವೇ ಬರಬಹುದು. ಮ್ಯಾಕ್ರೋ ಆದರೆ ಅದನ್ನೇ ಕ್ವಿಕ್ ಆಕ್ಸೆಸ್ ಟೂಲ್‌ಬಾರಿನಲ್ಲಿ ಬಟನ್ ಮಾಡಿಟ್ಟುಕೊಂಡು ಪ್ರಿಂಟಿಗೆ ಮೊದಲು ಒಮ್ಮೆ ಒತ್ತಬಹುದು.